ರಜೆ ಚೀಟಿಯಲ್ಲಿ ಜ್ವರ ಅಂತ ಬರೆದೆ, ಮಗಳು ಮಾತು ಬಿಟ್ಟಿದ್ದಾಳೆ

ದುರ್ಗದ ತಾಯಿ:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ಚಳ್ಳಕೆರೆಗೆ ಹೋಗೋ ದಾರಿಯಲ್ಲಿ ನಮ್ಮೂರು. ಮಗಳು ಊರಿನ ಸರ್ಕಾರಿ ಶಾಲೇಲಿ ಏಳನೇ ಕ್ಲಾಸು.

ಹೋದ ವಾರ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗಿದ್ವಿ. ನಮ್ಮತ್ತೆಯ ಹರಕೆ ಇತ್ತು, ಕೊಬ್ಬರಿ ಸುಡಬೇಕಿತ್ತು. ತೇರು ನೋಡಿ ಬರೋಣ ಅಂತ ಹೋದವರು ನೆಂಟರ ಮನೇಲಿ ಉಳ್ಕೊಂಡು ಮೂರು ದಿನ ಆಯ್ತು. ವಾಪಸ್ ಬಂದ ರಾತ್ರಿ ಮಗಳು ನೋಟ್‌ಬುಕ್ಕಿಂದ ಹಾಳೆ ಹರಿದು ತಂದು "ಅಮ್ಮ, ರಜೆ ಚೀಟಿ" ಅಂದ್ಲು. ಸ್ಟೌ ಪಕ್ಕದ ಕಟ್ಟೆ ಮೇಲೆ ಇಟ್ಕೊಂಡು, ನಿಂತ ಹಾಗೇ "ಜ್ವರ ಬಂದಿದ್ದ ಕಾರಣ" ಅಂತ ಬರೆದು ಸಹಿ ಹಾಕ್ದೆ. ಎರಡನೇ ಯೋಚನೆ ಬರಲಿಲ್ಲ. ನಾನು ಓದುವಾಗ ನಮ್ಮಪ್ಪನೂ ಹಾಗೇ ಬರೀತಿದ್ರು.

ಮಾರನೇ ದಿನ ಮೇಡಂ ಚೀಟಿ ಓದಿ, ಇವಳ ಹಣೆ ಮುಟ್ಟಿ ನೋಡಿ, "ಈಗ ಹೇಗಿದ್ದೀಯಮ್ಮ?" ಅಂದಿದ್ದಾರೆ. "ಪರವಾಗಿಲ್ಲ ಮಿಸ್" ಅಂದಿದ್ದಾಳೆ. ಹಿಂದಿನ ಸಾಲಿನ ಒಬ್ಬ ಹುಡುಗ ತೇರಿನ ಹತ್ರ ಇವಳನ್ನ ನೋಡಿದ್ನಂತೆ. ಅವನು ಏನೂ ಹೇಳಲಿಲ್ಲ, ಇವಳ ಕಡೆ ಒಂದ್ಸಲ ನೋಡಿದ ಅಷ್ಟೆ. ಮಧ್ಯಾಹ್ನ ಬಿಸಿಯೂಟಕ್ಕೆ ಮೇಡಂ "ಜ್ವರ ಬಂದ ಮಗು, ಖಾರ ಬೇಡ" ಅಂತ ಅಡುಗೆಯವರಿಗೆ ಹೇಳಿ ಅನ್ನ ಮೆತ್ತಗೆ ಕಲಸಿ ಕೊಡಿಸಿದ್ದಾರೆ. ಅದನ್ನ ಹೇಳುವಾಗ ಮಗಳು ಅತ್ತುಬಿಟ್ಟಳು. "ಸುಳ್ಳು ಬರೆದಿದ್ದು ನೀನು, ಮಿಸ್ ಮುಂದೆ ನಿಂತಿದ್ದು ನಾನು" ಅಂದಳು. ಆಮೇಲೆ ನನ್ನ ಹತ್ರ ಬೇಕಾದಷ್ಟೇ ಮಾತು.

ನಾನು ಎಸ್‌ಡಿಎಂಸಿ, ಅಂದ್ರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸದಸ್ಯೆ. ಶೇಂಗಾ ಕೀಳೋ ದಿನಗಳಲ್ಲಿ ಮಕ್ಕಳನ್ನ ಶಾಲೆ ಬಿಡಿಸಬೇಡಿ ಅಂತ ಸಭೇಲಿ ಎದ್ದು ಹೇಳಿದವಳು ನಾನೇ. "ಮಾಡಿದಷ್ಟು ನೀಡು ಭಿಕ್ಷೆ", ಅಂದ್ರೆ ಮಾಡಿದ ಕೆಲಸಕ್ಕೆ ತಕ್ಕಷ್ಟೇ ಫಲ, ಅಂತ ಹೇಳಿ ಕೆರೆ ಕಟ್ಟಿಸಿದವರು ತಿಪ್ಪೇರುದ್ರಸ್ವಾಮಿ. ಅವರ ತೇರಿಗೆ ಹೋಗಿಬಂದದ್ದನ್ನ ಮುಚ್ಚಿಡೋಕೆ ನನಗೆ ಏನಿತ್ತು?

ನಮ್ಮ ಯಜಮಾನ್ರು, "ಎಲ್ಲರೂ ಬರೆಯೋದೇ ಅದು, ನೀನು ಹೋಗಿ ಹೇಳಿದ್ರೆ ಮಗಳಿಗೇ ಮುಜುಗರ" ಅಂತಾರೆ. ಹೋಗಿ ಹೇಳಲಾ? ಒಬ್ಬಳೇ ಹೋಗಲಾ, ಅವಳನ್ನೂ ಕರ್ಕೊಂಡು ಹೋಗಲಾ?

ನಿವೃತ್ತ ಮೇಷ್ಟ್ರು, ದಾವಣಗೆರೆ:

ಹೋಗಿ ಹೇಳಿ ತಾಯಿ. ನನ್ನದೊಂದು ತಪ್ಪು ಹೇಳ್ತೀನಿ, ಇಷ್ಟು ವರ್ಷ ಆದ್ರೂ ಮನಸ್ಸಿಂದ ಹೋಗಿಲ್ಲ.

ಏಳನೇ ಕ್ಲಾಸಿನ ಮಕ್ಕಳನ್ನ ದುರ್ಗದ ಕೋಟೆ, ಚಂದ್ರವಳ್ಳಿ ನೋಡೋಕೆ ಕರ್ಕೊಂಡು ಹೋಗೋದಿತ್ತು. ಪ್ರವಾಸದ ದುಡ್ಡು ಎಣಿಸಿದ್ರೆ 200 ರೂಪಾಯಿ ಕಮ್ಮಿ. ಹಿಂದಿನ ದಿನ ಸ್ಟಾಫ್ ರೂಮಿಗೆ ಬಂದಿದ್ದ ಒಬ್ಬ ಹುಡುಗನ ಮೇಲೆ ಅನುಮಾನ ಪಟ್ಟು, ಪ್ರಾರ್ಥನೆ ಹೊತ್ತಿಗೆ ಎಲ್ಲರ ಮುಂದೆ ಅವನ ಚೀಲ ಸುರಿಸಿದೆ. ಎರಡು ದಿನ ಬಿಟ್ಟು ದುಡ್ಡು ಸಿಕ್ತು, ನನ್ನದೇ ಹಾಜರಿ ಪುಸ್ತಕದ ಬೈಂಡಿನ ಒಳಗೆ. ಅವನನ್ನ ರೂಮಿಗೆ ಕರೆದು, ಯಾರೂ ಇಲ್ಲದಾಗ "ತಪ್ಪಾಯ್ತಪ್ಪ" ಅಂದೆ. "ಆಯ್ತು ಸಾರ್" ಅಂದು ಹೋದ. ಆದ್ರೆ ಆಮೇಲೆ ಕ್ಲಾಸಲ್ಲಿ ಅವನ ಕೈ ಮೇಲೇಳಲೇ ಇಲ್ಲ, ಉತ್ತರ ಗೊತ್ತಿದ್ರೂ. ಊರ ಮುಂದೆ ಮರ್ಯಾದೆ ಕಳೆದು, ಮೂಲೇಲಿ ವಾಪಸ್ ಕೊಟ್ಟಿದ್ದೆ ನಾನು. ಮುಂದಿನ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅದೇ ಮೆಟ್ಟಿಲ ಮೇಲೆ ನಿಂತು ನಡೆದದ್ದೆಲ್ಲ ಹೇಳಿದೆ. ಕಾಲು ನಡುಗ್ತಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆ ಬರೋದಕ್ಕಿಂತ ಮುಂಚಿನ ಮಾತು ಇದು. ಈಗ ಅದರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯೋದಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡೋದಕ್ಕೂ ನಿಷೇಧ ಇದೆ, ಮೀರಿದವರ ಮೇಲೆ ಶಿಸ್ತು ಕ್ರಮ ಆಗಬಹುದು. ಕಾನೂನು ಇಲ್ಲದಿದ್ದಾಗಲೂ ನಾನು ಮಾಡಿದ್ದು ತಪ್ಪೇ.

ನಿಮ್ಮ ಸುಳ್ಳು ಇರೋದು ಚೀಟಿಯಲ್ಲಿ. ಹಾಗಾಗಿ ಬಾಯಿಮಾತಲ್ಲಿ ಹೇಳಿ ಬರಬೇಡಿ. ಹಳೇ ಚೀಟಿ ವಾಪಸ್ ಕೇಳಿ, ನಿಜವಾದ ಕಾರಣ ಬರೆದು ಹೊಸದು ಕೊಡಿ. ಬರಬೇಕೋ ಬೇಡವೋ ಅನ್ನೋದು ಮಗಳೇ ಹೇಳಲಿ.

ಹರಿಹರದ ಅಪ್ಪ:

ಮೇಷ್ಟ್ರ ಮಾತಿಗೆ ಎದುರಾಡ್ತಿಲ್ಲ, ಆದ್ರೆ ಇನ್ನೊಂದು ಮಗ್ಗುಲೂ ಇದೆ. ನನ್ನ ಮಗನ ಚೀಟಿಯಲ್ಲಿ ಒಂದ್ಸಲ "ನಮ್ಮ ಮನೆ ಮದುವೆ" ಅಂತಲೇ ಬರೆದೆ. ಕ್ಲಾಸಲ್ಲಿ ಅದನ್ನ ಗಟ್ಟಿಯಾಗಿ ಓದಿ, "ನಿಮಗೆಲ್ಲ ಮದುವೆ ಊಟ ಮುಖ್ಯ" ಅಂತ ಅವನನ್ನ ಇಡೀ ಪೀರಿಯಡ್ಡು ನಿಲ್ಲಿಸಿದ್ರು. ಪಕ್ಕದಲ್ಲಿ ಜ್ವರ ಅಂತ ಬರೆಸ್ಕೊಂಡು ಬಂದವನು ಆರಾಮಾಗಿ ಕೂತಿದ್ದ. ಆವತ್ತಿಂದ ನಾನೂ ಜ್ವರನೇ ಬರೀತಿದ್ದೀನಿ. ನೀವು ಎಸ್‌ಡಿಎಂಸಿಯಲ್ಲಿದ್ದೀರಲ್ಲ, ನಿಜ ಬರೆದ ಚೀಟಿಗೆ ಮಗುವನ್ನ ನಿಲ್ಲಿಸಬಾರದು ಅಂತ ಸಭೇಲಿ ಒಂದು ಮಾತು ಇಡಿ. ಅಪ್ಪ ಅಮ್ಮಂದಿರಿಗೂ ಧೈರ್ಯ ಬರುತ್ತೆ.

ಬಿಸಿಯೂಟದ ಅಕ್ಕ, ಹಿರಿಯೂರು:

ನಾನು ಶಾಲೇಲಿ ಅಡಿಗೆ ಮಾಡ್ತೀನಿ. ನಾನು ಹೇಳಿದ್ದನ್ನ ನನ್ನ ಮಗ ಬರೀತಾ ಅವ್ನೆ.

ಮಕ್ಕಳಿಗೆ ಬಡಿಸೋಕೆ ಮೊದ್ಲು ಮೇಷ್ಟ್ರು ಒಬ್ರು ಊಟ ರುಚಿ ನೋಡಿ ಪುಸ್ತಕದಾಗೆ ಬರೀಬೇಕು ಅಂತ ಐತೆ. ಮೊದ್ಲಿದ್ದೋರು ಅಡಿಗೆ ಮನೆ ಕಡೆ ಬರ್ತಾನೇ ಇರ್ಲಿಲ್ಲ, ವಾರದ ಸೈನು ಶನಿವಾರ ಒಂದೇ ಸಲ ಹಾಕೋರು. ದೊಡ್ಡ ಹುಡುಗ್ರು ಅದನ್ನ ನೋಡೋವು. ಬೆಳಗ್ಗೆ ಹಾಲು ಕೊಡ್ತೀವಲ್ಲ, ಒಂದು ಮಗೀಗೆ 150 ಮಿಲಿ, ಎಷ್ಟು ಜನ ಬಂದವ್ರೆ ಅಂತ ಎಣಿಸಿ ಹೇಳೋದು ಏಳನೇ ಕ್ಲಾಸಿನ ಹುಡುಗನ ಕೆಲಸ. ಅವನೂ ಎಣಿಸ್ದೇನೆ ನೆನ್ನೆ ಲೆಕ್ಕನೇ ಹೇಳ್ತಿದ್ದ. ಹಾಲು ಮಿಕ್ಕೋದು, ಇಲ್ಲ ಸಾಲದೆ ಬರೋದು.

ಈಗ ಬಂದಿರೋ ಮೇಷ್ಟ್ರು ಮಕ್ಕಳ ಸಾಲಿನಾಗೇ ಕೂತು ಉಣ್ತಾರೆ, ತಟ್ಟೆ ಅವರೇ ತೊಳೀತಾರೆ. ಒಂದಿನ ಪುಸ್ತಕದಾಗೆ "ಸಾರಿಗೆ ಉಪ್ಪು ಕಮ್ಮಿ" ಅಂತ ಬರೆದುಬಿಟ್ರು. ನಂಗೆ ಬೋ ಸಿಟ್ಟು ಬಂತು. ಆದ್ರೆ ಉಪ್ಪು ಕಮ್ಮಿನೇ ಇತ್ತು. ಆಮ್ಯಾಕೆ ಒಂದು ತಿಂಗಳಿಗೆ ಆ ಹುಡುಗ ಅರ್ಧ ದಾರಿಯಿಂದ ವಾಪಸ್ ಓಡಿ ಬಂದು, "ಅಕ್ಕಾ, 104 ಅಲ್ಲ, 98 ಜನ ಬಂದವ್ರೆ" ಅಂದ. ಯಾರೂ ಅವನಿಗೆ ಬುದ್ಧಿ ಹೇಳಿರ್ಲಿಲ್ಲ ಕಣಕ್ಕ.

ನಿನ್ನ ಮಗಳಿಗೆ ಆ ಅನ್ನ ಯಾಕೆ ಗಂಟಲಿಗೆ ಇಳೀಲಿಲ್ಲ ಅಂತ ನಂಗೆ ಗೊತ್ತಾಯ್ತದೆ. ಹೋಗಿ ಹೇಳು.

ದುರ್ಗದ ತಾಯಿ:

ಶನಿವಾರ ಬೆಳಗಿನ ಶಾಲೆ, ಬಿಟ್ಟ ಮೇಲೆ ಹೋದೆ. ಹಿಂದಿನ ರಾತ್ರಿ ಹೊಸ ಚೀಟಿ ಬರೆದು ಮಗಳಿಗೆ ಓದೋಕೆ ಕೊಟ್ಟೆ. ನಾನು "ರತೋತ್ಸವ" ಅಂತ ಬರೆದಿದ್ದೆ, ಥ ತಿದ್ದಿ ಕೊಟ್ಟಳು. "ನಾನೂ ಬರ್ತೀನಿ" ಅಂದಳು.

ಮೇಡಂ ಚೀಟಿ ಓದಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಹಾಜರಿ ಪುಸ್ತಕದಿಂದ ಹಳೇದನ್ನ ತೆಗೆದು ನನ್ನ ಕೈಗೆ ಕೊಟ್ಟರು. "ನನಗೆ ಬೇಜಾರಾಯ್ತು ನೋಡ್ರಿ" ಅಂತ ನೇರವಾಗಿಯೇ ಹೇಳಿದ್ರು, ಮಗಳಿಗಲ್ಲ, ನನಗೆ. ಕ್ಷಮಿಸಿ ಅಂದೆ. ಹರಿಹರದ ಅಣ್ಣ ಹೇಳಿದ ವಿಷಯವನ್ನೂ ಎತ್ತಿದೆ. ಮುಂದಿನ ಸಭೇಲಿ ಇಡೋಣ ಅಂದಿದ್ದಾರೆ.

ದಾರೀಲಿ ಬರುವಾಗ ಮಗಳು, ಆ ಹಿಂದಿನ ಸಾಲಿನ ಹುಡುಗನಿಗೆ ತಾನೇ ಹೇಳ್ತೀನಿ ಅಂದಳು. ಹೇಳಿದಳೋ ಇಲ್ಲವೋ ನಾನು ಕೇಳಿಲ್ಲ.