ಕುದುರೆಮುಖದ ಭಗವತಿ ಶಿಬಿರದಲ್ಲಿ ವಯಸ್ಸಾದವರೊಂದಿಗೆ ಎರಡು ರಾತ್ರಿ: ಹೋಗಿ ಬಂದವರ ಅನುಭವ ಹಂಚಿಕೆ

ಸಿರುಗುಪ್ಪದಿಂದ ಬಂದ ಪ್ರಶ್ನೆ

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಭಗವತಿ ಪ್ರಕೃತಿ ಶಿಬಿರದಲ್ಲಿ ಎರಡು ರಾತ್ರಿ ಟೆಂಟಿನಲ್ಲಿ ಉಳಿಯಬೇಕೆಂಬುದು ನಮ್ಮ ಮನೆಯವರೆಲ್ಲರ ಬಹುದಿನದ ಆಸೆ. ನಾನು, ಯಜಮಾನರು, ಹತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು, ಅರವತ್ತೆಂಟು ವರ್ಷದ ನಮ್ಮ ಅತ್ತೆಯವರು, ಹೀಗೆ ಐದು ಜನ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದು ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ; ಮೊಣಕಾಲು ನೋವಿದ್ದರೂ ನಿಧಾನವಾಗಿ ನಡೆಯುತ್ತಾರೆ. ಅವರನ್ನು ಕರೆದುಕೊಂಡು ಹೋಗಬಹುದೇ? ದಸರಾ ರಜೆಯಲ್ಲಿ ಹೋಗುವುದು ಒಳ್ಳೆಯದೋ, ಭತ್ತದ ಕೊಯ್ಲು ಮುಗಿಸಿಕೊಂಡು ಹೋಗುವುದೋ? ಸ್ವಂತ ಕಾರು ಇದೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಬಳ್ಳಾರಿಯಿಂದ

ಅಕ್ಕನವರೇ, ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಎಪ್ಪತ್ತು ದಾಟಿದ ನಮ್ಮ ತಾಯಿಯವರೊಂದಿಗೆ ನಾವು ದೀಪಾವಳಿ ಕಳೆದ ಮರುವಾರ ಅಲ್ಲಿ ಎರಡು ರಾತ್ರಿ ಇದ್ದು ಬಂದಿದ್ದೇವೆ, ಆ ಧೈರ್ಯದಿಂದಲೇ ಹೇಳುತ್ತಿದ್ದೇನೆ. ಆದರೆ ದಸರಾ ರಜೆಯನ್ನು ಬಿಟ್ಟುಬಿಡಿ. ನಮ್ಮ ಬಳ್ಳಾರಿ ಕಡೆ ಮಳೆ ನಿಂತಿತೆಂದರೆ ಅಲ್ಲಿಯೂ ನಿಂತಿರುತ್ತದೆ ಎಂದು ತಿಳಿಯಬಾರದು; ಪಶ್ಚಿಮ ಘಟ್ಟದ ಆ ಭಾಗದಲ್ಲಿ ಅಕ್ಟೋಬರಿನಲ್ಲಿಯೂ ನೆಲ ಒದ್ದೆಯಾಗಿಯೇ ಇರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬರುತ್ತದೆ, ಜಿಗಣೆಗಳ ಕಾಟವೂ ಇರುತ್ತದೆ. ಮೇಲಾಗಿ ರಾಜ್ಯದ ಎಲ್ಲ ಶಾಲೆಗಳಿಗೂ ಆಗಲೇ ರಜೆ ಇರುವುದರಿಂದ ಜಾಗ ಸಿಗುವುದೂ ಕಷ್ಟ.

ದಾರಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾವು ತಪ್ಪು ಮಾಡಿದ್ದು ಅಲ್ಲಿಯೇ. ಬಳ್ಳಾರಿಯಿಂದಲೇ 350 ಕಿಲೋಮೀಟರಿಗೂ ಹೆಚ್ಚಿನ ದಾರಿ, ನಿಮಗೆ ಸಿರುಗುಪ್ಪದ ದೂರವೂ ಸೇರುತ್ತದೆ. ಚಳ್ಳಕೆರೆ, ಚಿತ್ರದುರ್ಗದವರೆಗಿನ ರಸ್ತೆ ಸಲೀಸಾಗಿರುವುದರಿಂದ ಸಂಜೆಯೊಳಗೆ ಸೇರಿಬಿಡುತ್ತೇವೆ ಎಂದುಕೊಂಡಿದ್ದೆವು. ಚಿಕ್ಕಮಗಳೂರು ದಾಟಿದ ಮೇಲೆ ತಿರುವಿನ ಮೇಲೆ ತಿರುವು. ಅಮ್ಮನವರಿಗೆ ಎರಡು ಬಾರಿ ವಾಂತಿಯಾಗಿ, ಕಳಸ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಆ ರಾತ್ರಿ ಶಿಬಿರದಲ್ಲಿ ಕಾಯ್ದಿರಿಸಿದ್ದ ಹಣ ಹೋದರೂ ಹೋಗಲಿ ಎಂದು ಹೊರನಾಡಿನಲ್ಲಿ ತಂಗಿದೆವು. ನೀವು ಮೊದಲ ರಾತ್ರಿಯನ್ನು ಮೊದಲೇ ಹೊರನಾಡಿಗೋ ಚಿಕ್ಕಮಗಳೂರಿಗೋ ಮೀಸಲಿಡಿ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನವೂ ಆಗುತ್ತದೆ, ಪ್ರಸಾದದ ಊಟವೂ ಆಗುತ್ತದೆ. ಮರುದಿನ ಬೆಳಗ್ಗೆ ಕಳಸದಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಆರಾಮಾಗಿ ಹೊರಟರೆ ಹಗಲಿನಲ್ಲಿಯೇ ಶಿಬಿರ ಸೇರುತ್ತೀರಿ. ಕಳಸ ದಾಟಿದ ಮೇಲೆ ನಮ್ಮ ಯಾರ ಮೊಬೈಲಿನಲ್ಲಿಯೂ ಸಿಗ್ನಲ್ ಇರಲಿಲ್ಲವಾದ್ದರಿಂದ, ಮನೆಗೆ ಹೇಳಬೇಕಾದ ಮಾತನ್ನೆಲ್ಲ ಅಲ್ಲಿಯೇ ಹೇಳಿ ಮುಗಿಸಿ.

ಟೆಂಟ್ ಎಂದರೆ ನೆಲದ ಮೇಲೆ ಮಲಗಬೇಕಾಗುತ್ತದೆ ಎಂದು ಅಮ್ಮನವರು ಹೆದರಿದ್ದರು. ನಾವಿದ್ದ ಟೆಂಟಿನಲ್ಲಿ ಮಂಚ, ಹಾಸಿಗೆ ಎಲ್ಲವೂ ಇದ್ದವು. ಆದರೂ ಮೊಣಕಾಲು ನೋವಿನವರಿಗಾಗಿ, ಶೌಚಾಲಯ ಟೆಂಟಿಗೆ ಹೊಂದಿಕೊಂಡೇ ಇದೆಯೇ, ಕಮೋಡ್ ಇದೆಯೇ, ಊಟದ ಜಾಗಕ್ಕೆ ಎಷ್ಟು ಮೆಟ್ಟಿಲು ಎಂಬ ಮೂರು ಮಾತನ್ನು ಕಾಯ್ದಿರಿಸುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಚಳಿಗೆ ನಾವು ಸಿದ್ಧರಾಗಿರಲಿಲ್ಲ. ಬಳ್ಳಾರಿಯ ಬಿಸಿಲಿಗೆ ಒಗ್ಗಿದ ಮೈಗೆ ಆ ಹೊಳೆಯ ದಂಡೆಯ ರಾತ್ರಿ ಬಹಳ ತಣ್ಣಗೆನಿಸುತ್ತದೆ. ಮನೆಯಲ್ಲಿರುವ ಒಂದು ಕೌದಿಯನ್ನು ಅತ್ತೆಯವರಿಗಾಗಿಯೇ ಕಾರಿನಲ್ಲಿ ಹಾಕಿಕೊಳ್ಳಿ.

ಜಿಗಣೆಯ ಬಗ್ಗೆ ಒಂದು ಮಾತು. ಅಲ್ಲಿಯವರು ಅದನ್ನು ಇಂಬಳ ಎನ್ನುತ್ತಾರೆ. ಎರಡನೆಯ ದಿನ ಬೆಳಗ್ಗೆ ಅಮ್ಮನವರ ಕಾಲಿನ ಹಿಮ್ಮಡಿಯ ಮೇಲೆ ದಾರದಷ್ಟು ತೆಳ್ಳಗಿದ್ದ ಒಂದು ಇಂಬಳ, ನಾವು ನೋಡುವಷ್ಟರಲ್ಲಿ ದ್ರಾಕ್ಷಿಯಂತೆ ಉಬ್ಬಿತ್ತು. ನಾನು ಕಿತ್ತೆಳೆಯಲು ಹೋದಾಗ ಅವರೇ ನನ್ನ ಕೈ ತಡೆದು, ಎಲೆಅಡಿಕೆಯ ಸಂಚಿಯಿಂದ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಮುಟ್ಟಿಸಿದರು. ಅದು ತಾನಾಗಿಯೇ ಉದುರಿತು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಅದು ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತಿರುತ್ತದೆ, ಗಾಬರಿಯಾಗಬೇಡಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ಆದರೆ ನಿಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಕಾಲಿನ ಸಣ್ಣ ಗಾಯವನ್ನೂ ಹಗುರವಾಗಿ ಕಾಣುವಂತಿಲ್ಲ. ಪೂರ್ತಿ ಮುಚ್ಚಿದ ಬೂಟು, ಮೊಣಕಾಲಿನವರೆಗಿನ ಕಾಲುಚೀಲ ಹಾಕಿಸಿ. ರಾತ್ರಿ ಮಲಗುವ ಮುನ್ನ ಟಾರ್ಚ್ ಹಿಡಿದು ಪಾದ, ಬೆರಳ ಸಂದು ಎಲ್ಲವನ್ನೂ ನೋಡಿ.

ಶಿಬಿರದ ಪಕ್ಕದಲ್ಲಿ ಹರಿಯುವುದು ಭದ್ರೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಅದೇ ಬೆಟ್ಟಸಾಲಿನಲ್ಲಿದೆ. ಅದೇ ಭದ್ರೆ ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ ನಿಂತು, ಎಲ್‌ಎಲ್‌ಸಿ ಎನ್ನುವ ಕೆಳಮಟ್ಟದ ಕಾಲುವೆಯಲ್ಲಿ ನಿಮ್ಮ ಸಿರುಗುಪ್ಪದ ಗದ್ದೆಗೆ ಬರುತ್ತದೆ. ಅಮ್ಮನವರಿಗೆ ಇದನ್ನು ಹೇಳಿದಾಗ ಅವರು ದಂಡೆಯ ಕಲ್ಲಿನ ಮೇಲೆ ಕುಳಿತು, ಬೊಗಸೆಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮಧ್ಯಾಹ್ನದ ಊಟಕ್ಕೆ ಕರೆದರೂ ಬಹಳ ಹೊತ್ತು ಏಳಲಿಲ್ಲ. ನಿಮ್ಮ ಅತ್ತೆಯವರಿಗೂ ಆ ಹೊತ್ತು ಸಿಗಲಿ ಎಂದೇ ಇಷ್ಟು ಬರೆದೆ. ಆದರೆ ಬರಿಗಾಲಿನಲ್ಲಿ ನೀರಿಗಿಳಿಯಲು ಬಿಡಬೇಡಿ, ಪಾಚಿ ಹಿಡಿದ ಕಲ್ಲು ಜಾರುತ್ತದೆ. ಮಕ್ಕಳೂ ಸಿಬ್ಬಂದಿಯವರು ತೋರಿಸಿದ ಜಾಗ ಬಿಟ್ಟು ಬೇರೆಡೆ ಇಳಿಯಬಾರದು.

ಸಂಡೂರಿನಿಂದ

ತಂಗೀ, ಮೇಲಿನವರು ಹೇಳಿದ್ದೆಲ್ಲ ಸರಿ. ಕಾಯ್ದಿರಿಸುವ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದರಿಂದ ಅದನ್ನಷ್ಟೇ ಸೇರಿಸುತ್ತೇನೆ. ಪರಿಚಯದ ಮಧ್ಯವರ್ತಿಯೊಬ್ಬರು ಶಿಬಿರದ ಜೊತೆಗೆ ಚಾರಣವನ್ನೂ ಸೇರಿಸಿ ಕೊಡಿಸುತ್ತೇನೆಂದು ಮುಂಗಡ ತೆಗೆದುಕೊಂಡರು. ಅಷ್ಟು ದೂರ ಹೋದ ಮೇಲೆ ತಿಳಿಯಿತು, ನಮ್ಮ ಹೆಸರಿನಲ್ಲಿ ಟೆಂಟೂ ಇರಲಿಲ್ಲ, ಚಾರಣದ ಟಿಕೆಟೂ ಇರಲಿಲ್ಲ. ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿ ಎಂಟರ ತನಕ ಕಳಸದಲ್ಲಿ ವಸತಿ ಹುಡುಕಿದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಭಗವತಿ ಶಿಬಿರವನ್ನು ನಡೆಸುವುದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ. ಅವರ ಜಾಲತಾಣದಲ್ಲಿ ನೀವೇ ನೇರವಾಗಿ ಹಣ ಕಟ್ಟಿ, ರಸೀದಿಯನ್ನು ಕಾಗದದಲ್ಲಿಯೂ ಮುದ್ರಿಸಿಕೊಂಡು, ಎಲ್ಲರ ಗುರುತಿನ ಚೀಟಿ ಹಿಡಿದು ಹೋಗಿ. ನಾವು ಎರಡನೆಯ ಸಲ ಹೋದಾಗ ದರ ಕೋಣೆಗೆ ಇಷ್ಟು ಎಂದಿರದೆ ಊಟ ತಿಂಡಿ ಸೇರಿ ತಲೆಗೆ ಇಷ್ಟು ಎಂದಿತ್ತು. ಐದು ಜನಕ್ಕೆ ಅದು ಸಣ್ಣ ಮೊತ್ತವಲ್ಲವಾದ್ದರಿಂದ ಮಕ್ಕಳ ದರವನ್ನೂ, ರದ್ದು ಮಾಡಿದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನೂ ಮೊದಲೇ ಓದಿಕೊಳ್ಳಿ.

ಶಿಬಿರದಲ್ಲಿ ಉಳಿಯುವುದೇ ಬೇರೆ, ಕುದುರೆಮುಖ ಶಿಖರ ಹತ್ತುವುದೇ ಬೇರೆ. ಶಿಖರದ ಚಾರಣ ಮುಳ್ಳೋಡಿಯಿಂದ ಹೊರಟು ಹೋಗಿ ಬರಲು ಸುಮಾರು 20 ಕಿಲೋಮೀಟರ್ ಆಗುತ್ತದೆ. ಅದಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಶಿಖರದ ಮೇಲೆ ಟೆಂಟ್ ಹಾಕಲು ಅವಕಾಶವಿಲ್ಲ. ಅತ್ತೆಯವರು ಜೊತೆಗಿರುವಾಗ ಈ ಸಲ ಅದನ್ನು ಬಿಟ್ಟುಬಿಡುವುದು ಲೇಸು. ಉದ್ಯಾನದ ತನಿಖಾ ಠಾಣೆಗಳಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ನಡುದಾರಿಯಲ್ಲಿ ಕಾರು ನಿಲ್ಲಿಸಿ ಊಟದ ಗಂಟು ಬಿಚ್ಚುವಂತಿಲ್ಲ. ಸಿಂಗಳೀಕ ಕಂಡರೆ ಮಕ್ಕಳು ಬಾಳೆಹಣ್ಣು ಎಸೆಯದಂತೆ ಮೊದಲೇ ಹೇಳಿಡಿ.

ಇನ್ನೊಂದು ಮಾತು, ಗಣಿಯಲ್ಲಿ ದುಡಿದವನಾದ್ದರಿಂದ ಹೇಳದಿರಲಾರೆ. ಅಲ್ಲಿಯ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಕಡಲಿಗೆ ಕಳುಹಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಹೋಗುವ ದಾರಿಯಲ್ಲಿ ಖಾಲಿ ಬಿದ್ದ ಕಾರ್ಮಿಕರ ಮನೆಗಳ ಸಾಲು ಕಾಣುತ್ತದೆ. ನಮ್ಮ ಸಂಡೂರಿನ ಕೆಂಪು ಗುಡ್ಡಗಳನ್ನು ನೋಡಿರುವ ನಿಮ್ಮ ಮಕ್ಕಳಿಗೆ ಅದನ್ನು ತೋರಿಸಿ, ಇದು ಏಕೆ ನಿಂತಿತು ಎಂದು ಹೇಳಿ.

ಗಂಗಾವತಿಯಿಂದ

ಅಕ್ಕಾ, ನವೆಂಬರ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮಂಥ ಭತ್ತದ ಮನೆಯವರಿಗೆ ಆಗ ಹೊರಡಲು ಆಗುವುದೇ ಇಲ್ಲ. ಕೊಯ್ಲಿನ ಯಂತ್ರಕ್ಕೆ ಕಾಯುವುದು, ಕಾಳು ಒಣಗಿಸುವುದು, ಮಾರುವುದು ಎಲ್ಲ ಮುಗಿಯುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ನಾವು ಸಂಕ್ರಾಂತಿ ಕಳೆದ ಮೇಲೆ ಹೋಗಿದ್ದೆವು. ಒಂದು ಇಂಬಳವೂ ಕಾಣಲಿಲ್ಲ, ಆಕಾಶ ತಿಳಿಯಾಗಿತ್ತು, ಹುಲ್ಲುಗಾವಲಿನ ಗುಡ್ಡಗಳು ಹೊಂಬಣ್ಣಕ್ಕೆ ತಿರುಗಿದ್ದವು.

ಆದರೆ ಆ ಕಾಲಕ್ಕೆ ಬೇರೊಂದು ಎಚ್ಚರ ಬೇಕು. ಮಲೆನಾಡಿನಲ್ಲಿ ಡಿಸೆಂಬರಿನಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆ ಎಂಬ ರಕ್ತ ಹೀರುವ ಸಣ್ಣ ಹುಳುವಿನ ಕಡಿತದಿಂದ ಬರುತ್ತದೆ. ಇಂಬಳದಂತೆ ಉಣ್ಣೆ ಕಣ್ಣಿಗೆ ಬೇಗ ಬೀಳುವುದಿಲ್ಲ, ಮರಿಗಳಂತೂ ಸಾಸಿವೆಗಿಂತ ಸಣ್ಣ. ಆದ್ದರಿಂದ ಒಣ ತರಗೆಲೆಯ ಮೇಲೆ ಯಾರೂ ಕೂರಬಾರದು, ತುಂಬು ತೋಳಿನ ಬಟ್ಟೆ ಹಾಕಬೇಕು, ತಿರುಗಾಡಿ ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲವನ್ನು ಆ ಕಡೆ ಆರೋಗ್ಯ ಇಲಾಖೆಯವರೇ ಹಂಚುತ್ತಾರೆ, ಸಿಬ್ಬಂದಿಯನ್ನು ಕೇಳಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಊರಿಗೆ ಬಂದ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ಮೈಕೈ ನೋವು ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ; ನಮ್ಮ ಕಡೆಯ ವೈದ್ಯರಿಗೆ ಆ ಅನುಮಾನ ತಾನಾಗಿ ಬರಲಿಕ್ಕಿಲ್ಲ.

ಖಡಕ್ ರೊಟ್ಟಿ ಒಯ್ಯುವುದಾದರೆ ತಗಡಿನ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಬಟ್ಟೆಯಲ್ಲಿ ಕಟ್ಟಿದ್ದ ನಮ್ಮ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗಿತ್ತು. ಶೇಂಗಾ ಚಟ್ನಿಪುಡಿಯ ವಾಸನೆಗೆ ಇಲಿಯೊಂದು ಟೆಂಟಿನೊಳಗೆ ಬಂದಿದ್ದರಿಂದ, ತಿನ್ನುವ ಪದಾರ್ಥವನ್ನೆಲ್ಲ ಮರುದಿನ ಕಾರಿನಲ್ಲಿಟ್ಟೆವು.

ಸಿಂಧನೂರಿನಿಂದ

ಮೇಡಂ, ನಾನು ಔಷಧಿ ಅಂಗಡಿ ನಡೆಸುತ್ತೇನೆ, ಆದ್ದರಿಂದ ಇನ್ಸುಲಿನ್ ಬಗ್ಗೆ ಮಾತ್ರ ಹೇಳುತ್ತೇನೆ. ಟೆಂಟಿನಲ್ಲಿ ಫ್ರಿಜ್ ಇರುವುದಿಲ್ಲವೆಂದು ಚಿಂತಿಸಬೇಡಿ. ಬಳಸಲು ಆರಂಭಿಸಿದ ಪೆನ್ನು ಅಥವಾ ಬಾಟಲಿ 30 ಡಿಗ್ರಿಯೊಳಗಿನ ವಾತಾವರಣದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ನಿಮ್ಮದಕ್ಕೆ ಎಷ್ಟು ದಿನ ಎಂಬುದನ್ನು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನೋಡಿಕೊಳ್ಳಿ. ಕುದುರೆಮುಖದ ತಂಪಿನಲ್ಲಿ ಅದಕ್ಕೆ ಏನೂ ಆಗದು. ಅಪಾಯವಿರುವುದು ನಮ್ಮ ಕಡೆಯ ಬಿಸಿಲಿನಲ್ಲಿ, ಊಟಕ್ಕೆಂದು ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ. ಹಾಗಾಗಿ ಡಿಕ್ಕಿಯಲ್ಲಿಡದೆ ಅತ್ತೆಯವರ ಕೈಚೀಲದಲ್ಲಿಯೇ ಇರಲಿ, ಕಾರಿನಿಂದ ಇಳಿದಾಗಲೆಲ್ಲ ಅವರೊಂದಿಗೇ ಇಳಿಯಲಿ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ನೇರವಾಗಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಮನೆಗಿಂತ ಅಲ್ಲಿ ನಡಿಗೆ ಹೆಚ್ಚಾಗುವುದರಿಂದ ಸಕ್ಕರೆ ಅಂಶ ಇಳಿಯಬಹುದು. ಬೆವರು, ನಡುಕ ಕಂಡ ಕೂಡಲೇ ಕೊಡಲು ಗ್ಲೂಕೋಸ್ ಪುಡಿಯೋ ಸಕ್ಕರೆಯೋ ನಿಮ್ಮ ಜೇಬಿನಲ್ಲಿರಲಿ. ಹೊರಡುವ ವಾರದ ಮೊದಲೇ ವೈದ್ಯರನ್ನು ಕಂಡು ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ಶಿಬಿರದಲ್ಲಿ ಊಟ ಅವರ ವೇಳೆಗೆ ಬರುತ್ತದೆ. ಊಟಕ್ಕೆ ಮೊದಲು ತೆಗೆದುಕೊಳ್ಳುವ ಇನ್ಸುಲಿನ್ ಆಗಿದ್ದರೆ, ಅಡುಗೆಯವರು ತಟ್ಟೆ ಇಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಚುಚ್ಚಿ.