ಎದೆ, ಮಿಡಿತ, ಸೋಸು: ಈ ಮೂರು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಎಲೆಕ್ಟ್ರಿಕಲ್ ಇಂಪೀಡೆನ್ಸ್ ಟೊಮೊಗ್ರಫಿ (ಕರೆಂಟಿಗೆ ಮೈಯೊಳಗೆ ಎಲ್ಲಿ ಎಷ್ಟು ತಡೆ ಇದೆ ಅಂತ ಅಳೆದು ಚಿತ್ರ ಮಾಡುವ ವಿಧಾನ) ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಪದಗಳ ಆಯ್ಕೆಗೆ ನಿಮ್ಮ ನೆರವು ಬೇಕು.

ಎದೆಯ ಸುತ್ತ 16 ಅಥವಾ 32 ಎಲೆಕ್ಟ್ರೋಡ್ ಇರುವ ಬೆಲ್ಟ್ ಕಟ್ಟುತ್ತಾರೆ. ರೋಗಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸಿ, ಚರ್ಮದ ಮೇಲೆ ವೋಲ್ಟೇಜ್ ಅಳೆಯುತ್ತಾರೆ. ಶ್ವಾಸಕೋಶದಲ್ಲಿ ಗಾಳಿ ತುಂಬಿದರೆ ಕರೆಂಟಿಗೆ ತಡೆ ಜಾಸ್ತಿ, ರಕ್ತ ತುಂಬಿದರೆ ಕಡಿಮೆ. ಎರಡೂ ಒಂದೇ ಅಳತೆಯಲ್ಲಿ ಕಲೆತು ಬರುತ್ತವೆ. ಉಸಿರಿನದು ದೊಡ್ಡ ಏರಿಳಿತ. ರಕ್ತದ್ದು ಸಾಮಾನ್ಯವಾಗಿ ಅದರ ಒಂದು ಸಣ್ಣ ಪಾಲು ಅಷ್ಟೆ.

ಮೊದಲ ತೊಡಕು ‘ಎದೆ’. ನಮ್ಮ ಕಡೆ ‘ಎದಿ ಬಡೀತದ’ ಅಂದರೆ ಹೃದಯ, ‘ಎದ್ಯಾಗ ಕಫ ಅದ’ ಅಂದರೆ ಶ್ವಾಸಕೋಶ. ಎರಡನ್ನೂ ಬೇರೆ ಮಾಡುವ ಪಾಠದಲ್ಲೇ ಎರಡಕ್ಕೂ ಒಂದೇ ಪದ ಬಂದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಅಲ್ವಾ? ‘ಹೃದಯದ ಸಂಕೇತ’ ಅನ್ನಲೂ ಮನಸ್ಸಿಲ್ಲ. ಶ್ವಾಸಕೋಶದ ಜಾಗದಲ್ಲಿ ಕಾಣುವುದು ಹೃದಯವಲ್ಲ, ಪ್ರತಿ ಬಡಿತಕ್ಕೂ ಅಲ್ಲಿನ ರಕ್ತನಾಳಗಳು ಹಿಗ್ಗಿ ಕುಗ್ಗುವುದು. ಅದಕ್ಕೆ ‘ಮಿಡಿತ’ ನನಗೆ ಹಿಡಿಸಿದೆ. ಇನ್ನೊಂದಕ್ಕೆ ‘ಉಸಿರಾಟ’ ಸಾಕು. ‘ದಮ್ಮು’ ಅಂದರೆ ಇಲ್ಲಿ ಕಾಯಿಲೆಯೇ ನೆನಪಾಗುತ್ತದೆ.

ಎರಡನೆಯದು ಫಿಲ್ಟರ್, ಅಂದರೆ ಕಲೆತ ಅಲೆಗಳನ್ನು ಅವುಗಳ ವೇಗ ನೋಡಿ ಬೇರೆ ಮಾಡುವುದು. ‘ಸೋಸು’ ಅಂತ ಬರೆದಿದ್ದೆ. ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20, ಬಡಿತ 60ರಿಂದ 100. ಇಷ್ಟು ಅಂತರ ಇದ್ದ ಮೇಲೆ ಸೋಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಉಸಿರಿನ ಅಲೆ ನುಣುಪಾಗಿರುವುದಿಲ್ಲ. ಅದರೊಳಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಿರು ಅಲೆಗಳೂ ಇರುತ್ತವೆ. ನಿಮಿಷಕ್ಕೆ 18 ಸಲ ಉಸಿರಾಡುವವರಲ್ಲಿ ನಾಲ್ಕರಷ್ಟು ಅಂದರೆ 72. ಬಡಿತವೂ 72 ಇದ್ದರೆ? ತೊಗರಿಬೇಳೆಯಷ್ಟೇ ಗಾತ್ರದ ಕಲ್ಲನ್ನು ಜರಡಿ ಹಿಡಿಯುವುದಿಲ್ಲ. ಕೂತು ಆರಿಸಬೇಕು.

ಈ ಕಿರು ಅಲೆಗಳಿಗೆ ‘ಇಮ್ಮಡಿ ಅಲೆ, ಮುಮ್ಮಡಿ ಅಲೆ’ ಅನ್ನಬಹುದಾ? ಹಾರ್ಮೋನಿಕ್ ಅನ್ನುವುದಕ್ಕಿಂತ ಇದು ಬೇಗ ತಿಳಿಯುತ್ತದೆ.

ಆರಿಸುವ ಒಂದು ದಾರಿ ಇಸಿಜಿ. ಪ್ರತಿ ಬಡಿತ ಶುರುವಾಗುವ ಕ್ಷಣವನ್ನು ಇಸಿಜಿಯಲ್ಲಿ ಗುರುತಿಸಿ, ತುಂಬಾ ಬಡಿತಗಳ ಅಳತೆಯನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಉಸಿರು ಬಡಿತಕ್ಕೆ ಹೊಂದಿಕೊಂಡು ನಡೆಯದಿದ್ದರೆ ಅದರ ಏರಿಳಿತ ಬಹುಪಾಲು ಅಳಿಸಿಹೋಗುತ್ತದೆ, ಮಿಡಿತ ಉಳಿಯುತ್ತದೆ. ಇದಕ್ಕೆ ‘ಗೇಟಿಂಗ್’ ಅನ್ನುತ್ತಾರೆ. ‘ಬಾಗಿಲು’ ಇಲ್ಲಿ ಕೂರುವುದಿಲ್ಲ. ‘ಬಡಿತಕ್ಕೆ ಹೊಂದಿಸಿ ಆರಿಸುವುದು’ ಸರಿ, ಆದರೆ ಉದ್ದವಾಯಿತು. ಚಿಕ್ಕ ಪದ ಹೊಳೆದವರು ತಿಳಿಸಿ. ಬೀದರ್, ಯಾದಗಿರಿ ಕಡೆಯವರು ನಾಡಿ ಮಿಡಿತಕ್ಕೆ ಮನೆಯಲ್ಲಿ ಬೇರೆ ಮಾತು ಬಳಸುತ್ತಿದ್ದರೆ ಅದನ್ನೂ ಬರೆಯಿರಿ.