ಅಮ್ಮನಿಗೆ ಪೇಸ್‌ಮೇಕರ್ ಇದೆ, ಮೊದಲ ಸಲ ವಿಮಾನ: ತಪಾಸಣೆ ಹೇಗಿರುತ್ತದೆ, ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿಯವ:
ತಂಗಿ ಹೈದರಾಬಾದಿನಲ್ಲಿದ್ದಾಳೆ. ಬರುವ ತಿಂಗಳು ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಸೋಗಾನೆಯಿಂದ, ಅಂದರೆ ಶಿವಮೊಗ್ಗ ವಿಮಾನ ನಿಲ್ದಾಣದಿಂದ, ನೇರ ವಿಮಾನದ ಟಿಕೆಟ್ ನೋಡುತ್ತಿದ್ದೇನೆ. ಅಮ್ಮನಿಗೆ 68 ವರ್ಷ, ಹೋದ ವರ್ಷ ಪೇಸ್‌ಮೇಕರ್ ಹಾಕಿಸಿದ್ದೇವೆ, ಹೋಗುವುದು ಒಬ್ಬರೇ. ಪಕ್ಕದ ಮನೆಯವರು ಬಂದು "ಅಲ್ಲಿ ಸೀರೆ ಬಿಚ್ಚಿಸಿ ನೋಡ್ತಾರಂತೆ, ತಾಳಿ ತೆಗೆಸ್ತಾರಂತೆ" ಎಂದು ಹೇಳಿ ಹೋದರು. ಅವತ್ತಿನಿಂದ ಅಮ್ಮ "ನಾ ಬಸ್ಸಲ್ಲೇ ಹೋಗ್ತೆ" ಎನ್ನುತ್ತಿದ್ದಾರೆ.
ನನಗೂ ಒಂದು ಅನುಮಾನ. ಶಿವಮೊಗ್ಗ ಸ್ಟೇಷನ್ನಿಗೆ ಅಕ್ಕಿ ಮೂಟೆ ಹೊತ್ತುಕೊಂಡು ಹೋದರೂ ಯಾರೂ ಎಂತ ಎಂದು ಕೇಳುವುದಿಲ್ಲ. ವಿಮಾನಕ್ಕೆ ಮಾತ್ರ ಬೆಲ್ಟು ತೆಗಿ, ಕೈ ಎತ್ತು, ತಿರುಗು. ಇದು ಬೇಕೇಬೇಕಾ, ಅತಿಯಾಯ್ತಾ?

ಸಾಗರದ ಸೊಸೆ:
ಅಣ್ಣಾ, ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ನಮ್ಮ ಮಾವನಿಗೆ ಪೇಸ್‌ಮೇಕರ್, ಅತ್ತೆಗೆ ಎರಡೂ ಮಂಡಿ ಬದಲಿಸಿದೆ. ಇಬ್ಬರನ್ನೂ ಕರೆದುಕೊಂಡು ನಾಲ್ಕು ಸಲ ಹೋಗಿ ಬಂದಿದ್ದೇನೆ.
ಸೀರೆ ಬಿಚ್ಚಿಸುವುದು ಸುಳ್ಳು. ಹೆಂಗಸರಿಗೆ ಬೇರೆ ಸಾಲು, ಪರದೆ ಕಟ್ಟಿದ ಸಣ್ಣ ಗೂಡು, ಒಳಗೆ ಇರುವುದು ಹೆಂಗಸೇ. ಕೈಯಲ್ಲಿ ಒಂದು ದಾಂಡಿನಂಥ ಯಂತ್ರ ಇರುತ್ತದೆ, ಅದನ್ನು ಮೈಮೇಲೆ ಆಡಿಸುತ್ತಾರೆ, ಒಮ್ಮೆ ಕೈಯಿಂದಲೂ ಮುಟ್ಟಿ ನೋಡುತ್ತಾರೆ. ತಾಳಿ ಹತ್ತಿರ ಬಂದಾಗ ಕುಂಯ್ ಎನ್ನುತ್ತದೆ. ಅವರು ನೋಡಿ ಬಿಟ್ಟುಬಿಡುತ್ತಾರೆ. ನಾಲ್ಕು ಸಲವೂ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ.
ಪೇಸ್‌ಮೇಕರ್ ಹಾಕಿದಾಗ ಆಸ್ಪತ್ರೆಯಲ್ಲಿ ಒಂದು ಕಾರ್ಡ್ ಕೊಟ್ಟಿರುತ್ತಾರೆ. ಅದು ಆಧಾರ್ ಜೊತೆಗೇ ಇರಲಿ, ಪೆಟ್ಟಿಗೆ ಅಡಿಯಲ್ಲಿ ಅಲ್ಲ. ನಮ್ಮ ಡಾಕ್ಟರ್ ಹೇಳಿದ್ದು ಇಷ್ಟು: ಬಾಗಿಲಿನಂಥ ಯಂತ್ರದೊಳಗೆ ನಡೆದು ದಾಟಿದರೆ ಏನೂ ಆಗುವುದಿಲ್ಲ, ಅದರ ಕೆಳಗೆ ನಿಂತುಕೊಳ್ಳಬಾರದು. ಕೈಯಂತ್ರವನ್ನು ಎದೆ ಮೇಲೆ ಹಿಡಿದು ನಿಲ್ಲಿಸಬಾರದು. ಮಾವ ಕಾರ್ಡ್ ತೋರಿಸಿ "ಕೈಯಲ್ಲೇ ನೋಡಿ" ಎನ್ನುತ್ತಾರೆ. ಒಪ್ಪುತ್ತಾರೆ. ನೀವೂ ಒಮ್ಮೆ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.
ಇನ್ನೊಂದು, ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕು ಎಂದು ಹೇಳಿ. ನಡೆಯಲು ಬರುತ್ತದಲ್ಲ, ಸುಮ್ನೆ ಯಾಕೆ ಎಂದು ಅಮ್ಮ ಹಟ ಮಾಡಬಹುದು. ಒಪ್ಪಿಸಿ. ಟಿಕೆಟ್ ಇಲ್ಲದ ನಿಮ್ಮನ್ನು ಬಾಗಿಲಲ್ಲೇ ತಡೆಯುತ್ತಾರೆ. ಕುರ್ಚಿ ತಳ್ಳುವವರು ವಿಮಾನದ ತನಕ ಜೊತೆಗಿರುತ್ತಾರೆ.

ಅಡಿಕೆ ಚೀಲ:
ಅಮ್ಮ ಕವಳ ಹಾಕುತ್ತಾರಾ? ಹಾಕುವುದಾದರೆ ಅಡಕತ್ತರಿ ದೊಡ್ಡ ಬ್ಯಾಗಿಗೆ. ನಮ್ಮ ಚಿಕ್ಕಪ್ಪನದ್ದು ತೆಗೆದಿಟ್ಟುಕೊಂಡರು. ಅವರು ಪ್ರಯಾಣ ಪೂರ್ತಿ ಅದರ ಬಗ್ಗೆಯೇ ಮಾತಾಡಿದರು.

ನಿವೃತ್ತ, ಭದ್ರಾವತಿ:
ಅತಿಯಾಯ್ತಾ ಎಂದು ಕೇಳಿದ್ದೀರಿ. ನನ್ನ ವಯಸ್ಸಿನವರಿಗೆ ಇದಕ್ಕೆ ಉತ್ತರ ಬೇರೆ ಥರ ಬರುತ್ತದೆ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರಲ್ಲ, ಆ ಒಂದು ವಾರ ಪೂರ್ತಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಟಿವಿ ಮುಂದೆ ಕುಳಿತಿದ್ದೆವು. ಒಬ್ಬ ಪ್ರಯಾಣಿಕರನ್ನು ಕೊಂದರು. ಜೈಲಿನಲ್ಲಿದ್ದ ಮೂವರನ್ನು ಬಿಟ್ಟ ಮೇಲೆ 31ರಂದು ಮುಗಿಯಿತು. ವಿಮಾನ ನಿಲ್ದಾಣಗಳಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಬಂದಿದ್ದು ಅದಾದ ಮೇಲೆ, 2000ದ ಫೆಬ್ರುವರಿಯಲ್ಲಿ, ಮೊದಲು ಜೈಪುರಕ್ಕೆ.
ಅದಕ್ಕೂ ಹಿಂದೆ 1985ರ ಜೂನ್ 23. ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಡಿಯಿತು. 329 ಜನ ಹೋದರು. ಬಾಂಬ್ ಇದ್ದ ಸೂಟ್‌ಕೇಸ್ ಹತ್ತಿತ್ತು, ಅದರ ಯಜಮಾನ ಹತ್ತಿರಲಿಲ್ಲ. ಟೊರೊಂಟೊದಲ್ಲಿ ಅವತ್ತು ಎಕ್ಸ್‌ರೇ ಯಂತ್ರ ಕೆಟ್ಟಿತ್ತು. ಈಗ ಬ್ಯಾಗ್ ಕೊಟ್ಟು ನೀವು ವಿಮಾನ ಹತ್ತದಿದ್ದರೆ ವಿಮಾನ ನಿಲ್ಲಿಸಿ ಬ್ಯಾಗ್ ಹುಡುಕಿ ಇಳಿಸುತ್ತಾರೆ. ಎಲ್ಲರೂ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ.
ಬಾಟಲಿ ಯಾಕೆ ಕೇಳುತ್ತಾರೆ ಎಂದರೆ 2006ರಲ್ಲಿ ಲಂಡನ್ನಿನಲ್ಲಿ ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ಒಯ್ಯುವ ಸಂಚು ಸಿಕ್ಕಿಬಿತ್ತು. ಕೈಬ್ಯಾಗಿನ ಬಾಟಲಿ 100 ಮಿಲಿಲೀಟರ್ ಮೀರಬಾರದು ಎನ್ನುವ ಲೆಕ್ಕ ಹುಟ್ಟಿದ್ದು ಅಲ್ಲಿ. ದೂರದ ಮಾತು ಅನ್ನಿಸಿದರೆ ಘಟ್ಟ ಇಳಿದು ನೋಡಿ. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದಲ್ಲಿ ಒಂದು ಬ್ಯಾಗ್ ಬಿದ್ದಿತ್ತು. ಒಳಗೆ ಬಾಂಬ್. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಅಲ್ಲಿಯೂ ಯಾರೋ ಒಬ್ಬರು "ಈ ಬ್ಯಾಗ್ ಯಾರದ್ದು" ಎಂದು ಕೇಳಿದ್ದಕ್ಕೇ ಉಳಿದದ್ದು ಅಲ್ವಾ?

ಕೊಪ್ಪದ ಹುಡುಗಿ:
ಸಾರ್, ನೀವು ಹೇಳಿದ್ದೆಲ್ಲ ನಿಜ. ಆದರೆ ಹಳೇ ಗಾಯ ತೋರಿಸಿ ಎಲ್ಲ ನಿಯಮವನ್ನೂ ಸರಿ ಎಂದುಬಿಡಬೇಡಿ. ಕಾರಣ ಮುಗಿದರೂ ನಿಯಮ ಮುಗಿಯುವುದಿಲ್ಲ. ಕೈಬ್ಯಾಗಿಗೆ ಚೀಟಿ ಕಟ್ಟಿ ಸೀಲ್ ಒತ್ತುತ್ತಿದ್ದರಲ್ಲ, ನೆನಪಿದೆಯಾ? ಸೀಲ್ ಇಲ್ಲದಿದ್ದರೆ ವಿಮಾನದ ಬಾಗಿಲಿಂದ ವಾಪಸ್. 2017ರಲ್ಲಿ ಬೆಂಗಳೂರು ಸೇರಿ ಏಳು ಕಡೆ ಅದನ್ನು ಬಿಟ್ಟರು. ಏನಾದರೂ ಆಯ್ತಾ? ಅಮೆರಿಕದಲ್ಲಿ ಸುಮಾರು 20 ವರ್ಷ ಎಲ್ಲರ ಶೂ ಬಿಚ್ಚಿಸಿದರು. 2025ರ ಜುಲೈನಲ್ಲಿ ಸಾಕು ಎಂದರು. ಅದರ ಹಿಂದಿನ ದಿನದ ತನಕ ಅದು ಪ್ರಾಣಕ್ಕೆ ಸಮ ಅಂತಿದ್ದರು!
ನನಗೆ ಸಿಟ್ಟು ಬರುವುದು ಮುಟ್ಟುವುದಕ್ಕಲ್ಲ. ಒಂದೊಂದು ಕಡೆ ಒಂದೊಂದು ಕಾನೂನು, ಅದಕ್ಕೆ. ಅಜ್ಜಿ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಒಂದು ಊರಿನಲ್ಲಿ ಕೈಬ್ಯಾಗಲ್ಲೇ ದಾಟಿತು. ಅದೇ ಥರದ ಬಾಟಲಿಯನ್ನು ಮುಂದಿನ ಸಲ ಇನ್ನೊಂದು ಊರಿನಲ್ಲಿ ಕಸದ ಬುಟ್ಟಿಗೆ ಹಾಕಿಸಿದರು. ಯಾಕೆ ಎಂದು ಕೇಳಿದೆ. "ರೂಲ್ಸು." ಅಷ್ಟೇ. ಒಂದು ವರ್ಷಕ್ಕಾಗುವ ಮಿಡಿ, ಮಾರಾಯ್ರೆ.
ಕೆಲವರಿಗೆ ಅದು ಉಪ್ಪಿನಕಾಯಿಗಿಂತ ದೊಡ್ಡ ಸಂಗತಿ. ನರ್ತಕಿ ಸುಧಾ ಚಂದ್ರನ್ ಅವರಿಗೆ ಪ್ರತಿ ಸಲ ಕೃತಕ ಕಾಲು ತೆಗೆದು ತೋರಿಸಿ ಎನ್ನುತ್ತಿದ್ದರು. 2021ರಲ್ಲಿ ಅವರು ವಿಡಿಯೋ ಮಾಡಿ ಹೇಳಿದ ಮೇಲೆ ಸಿಐಎಸ್‌ಎಫ್ ಕ್ಷಮೆ ಕೇಳಿತು. ಹೆಸರಿದ್ದವರು ಹೇಳಿದರೆ ಕೇಳುತ್ತಾರೆ. ತೀರ್ಥಹಳ್ಳಿ ಅಮ್ಮ ಹೇಳಿದರೆ?

ನಿವೃತ್ತ, ಭದ್ರಾವತಿ:
ಆ ಕಾಲಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಸೀಲ್ ಹೋಗಿದ್ದು ನನಗೂ ಖುಷಿಯೇ.

ಹೊಸನಗರದ ಅಕ್ಕ:
ವಾದ ಆಮೇಲೆ ಮಾಡಿ. ಬಾಣಂತನದ ಸಾಮಾನು ಹೇಳುತ್ತೇನೆ, ಅದರಲ್ಲಿ ಮೋಸ ಹೋದವಳು ನಾನು.
ಜೋನಿ ಬೆಲ್ಲ, ತುಪ್ಪ, ಜೇನುತುಪ್ಪ, ಬಾಣಂತಿ ಲೇಹ್ಯ, ಉಪ್ಪಿನಕಾಯಿ ಎಲ್ಲ ದೊಡ್ಡ ಬ್ಯಾಗಿಗೆ ಹಾಕಿ ಕೌಂಟರಿನಲ್ಲಿ ಕೊಟ್ಟುಬಿಡಿ. ಹರಿಯುವುದು, ಅಂಟುವುದು ಯಾವುದೂ ಕೈಯಲ್ಲಿ ಬೇಡ. ಡಬ್ಬಿ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಹಳೇ ಸೀರೆ ಸುತ್ತಿ. ನನ್ನ ಜೋನಿ ಬೆಲ್ಲ ಸೋರಿ ಮಗುವಿನ ಬಟ್ಟೆಗೆಲ್ಲ ಹತ್ತಿ ಇರುವೆ ಬಂದಿತ್ತು. ಕುಡಿಯುವ ನೀರಿನ ಬಾಟಲಿಯನ್ನು ದೇಶದೊಳಗಿನ ವಿಮಾನದಲ್ಲಿ ನನಗೆ ಬಿಟ್ಟಿದ್ದಾರೆ.
ಒಣ ಕೊಬ್ಬರಿ ಮಾತ್ರ ಎರಡೂ ಬ್ಯಾಗಿಗೆ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದು ಅಪಾಯದ ಸಾಮಾನಿನ ಪಟ್ಟಿಯಲ್ಲೇ ಇದೆ. ನಾನು ನಕ್ಕಿದ್ದೆ. ಆಮೇಲೆ ಓದಿದರೆ ಹೌದು. ಇಡೀ ತೆಂಗಿನಕಾಯಿಯನ್ನೂ ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಗೆ ಅಂತ 2024ರ ಅಕ್ಟೋಬರಿನಿಂದ ಮುಂದಿನ ಜನವರಿ 20ರ ತನಕ ವಿಶೇಷ ಅನುಮತಿ ಕೊಡಬೇಕಾಯಿತು. ಹೈದರಾಬಾದಿನಲ್ಲಿ ಕೊಬ್ಬರಿ ಸಿಗುತ್ತದೆ, ಅಲ್ಲೇ ತಗೊಳ್ಳಿ.
ಪವರ್ ಬ್ಯಾಂಕ್ ಇದ್ದರೆ ಉಲ್ಟಾ. ಅದು ಕೈಯಲ್ಲೇ ಇರಬೇಕು. ದೇವರ ಮುಂದೆ ದೀಪ ಹಚ್ಚಲು ಬೆಂಕಿಪೊಟ್ಟಣ ಎಂದು ಅಮ್ಮ ಎಲ್ಲಾದರೂ ತುರುಕಿರುತ್ತಾರೆ. ಹುಡುಕಿ ತೆಗೆಯಿರಿ.

ಬೆಂಗಳೂರು ವಾಸಿ, ಊರು ಶೃಂಗೇರಿ:
ಮುಂದೆ ಬೆಂಗಳೂರಿನ ಮೇಲೆ ಹೋಗುವವರಿಗೆ ಒಂದು ಮಾತು. ಅಲ್ಲಿ 2022ರ ಡಿಸೆಂಬರಿನಿಂದ ಡಿಜಿ ಯಾತ್ರಾ ಇದೆ, ಮುಖ ನೋಡಿ ಬಾಗಿಲು ತೆರೆಯುತ್ತದೆ. ಅದು ಕಡ್ಡಾಯ ಅಲ್ಲ. "ಬನ್ನಿ ಅಮ್ಮಾ, ಇಲ್ಲಿ ನೋಡಿ" ಎಂದು ಯಾರಾದರೂ ಫೋಟೋ ತೆಗೆಯಲು ಬಂದರೆ ಬೇಡ ಎನ್ನಬಹುದು. ಆಧಾರ್ ತೋರಿಸುವ ಸಾಲು ಪಕ್ಕದಲ್ಲೇ ಇರುತ್ತದೆ. ನನಗೆ ಮೈ ತಡವುವುದಕ್ಕಿಂತ ಇದೇ ಜಾಸ್ತಿ ಕಿರಿಕಿರಿ. ಮೈ ತಡವಿದ್ದು ಅಲ್ಲಿಗೇ ಮುಗಿಯಿತು. ಮುಖ ಎಲ್ಲಿಗೆ ಹೋಗುತ್ತದೆ?

ತೀರ್ಥಹಳ್ಳಿಯವ:
ಎಲ್ಲರಿಗೂ ಹೇಳಬೇಕಿತ್ತು, ತಡವಾಯಿತು. ಅಮ್ಮ ಮೊನ್ನೆ ಹೋದರು. ಕಾರ್ಡ್ ಕೈಯಲ್ಲಿತ್ತು, ಗಾಲಿಕುರ್ಚಿಗೆ ಒಪ್ಪಿಸಿದ್ದೆ. ತಾಳಿ ಕೊರಳಲ್ಲೇ ಇತ್ತು. ಕಾರ್ಡ್ ನೋಡಿ ಕೈಯಲ್ಲೇ ಮುಟ್ಟಿ ನೋಡಿದರಂತೆ, ಎರಡು ನಿಮಿಷ.
ಅತಿ ಅನ್ನಿಸಿತಾ ಎಂದು ಫೋನಿನಲ್ಲಿ ಕೇಳಿದೆ. "ಮುಟ್ಟಿದ್ದಕ್ಕೆ ಎಂತದೂ ಇಲ್ಲ ಕಣೋ. ಆ ಹುಡುಗಿ ಒಂದು ಮಾತೂ ಆಡಲಿಲ್ಲ. ತಿರುಗಿ ಅಂತ ಕೈಸನ್ನೆ ಮಾಡಿದಳು. ದನ ನೋಡಿದ ಹಾಗೆ ನೋಡಿದಳು" ಎಂದರು. ಕೊಪ್ಪದವರು ಹೇಳಿದ್ದು ಆಗ ಅರ್ಥವಾಯಿತು. ಭದ್ರಾವತಿ ಸಾರ್ ಹೇಳಿದ್ದನ್ನೂ ಅಮ್ಮನಿಗೆ ಹೇಳಿದೆ. "ನೋಡಲಿ, ಬೇಡ ಅಂದವರು ಯಾರು" ಎಂದರು.
ಅಡಕತ್ತರಿ ಕಥೆ ಬೇರೆ. ದೊಡ್ಡ ಬ್ಯಾಗಿಗೆ ನಾನೇ ಹಾಕಿದ್ದೆ. ಊಟ ಆದಮೇಲೆ ಬೇಕು ಎಂದು ಅಮ್ಮ ಕಾರಿನಲ್ಲಿ ಮೆಲ್ಲಗೆ ಕೈಚೀಲಕ್ಕೆ ಸಾಗಿಸಿದ್ದಾರೆ! ಅಜ್ಜಿ ಕಾಲದ್ದು ಅದು. ಎಕ್ಸ್‌ರೇಯಲ್ಲಿ ಸಿಕ್ಕಿತು. ನಾನು ಇನ್ನೂ ಹೊರಗೆ ಕಾಯುತ್ತಿದ್ದೆ, ಕುರ್ಚಿ ತಳ್ಳುವ ಹುಡುಗ ಬಾಗಿಲ ತನಕ ತಂದುಕೊಟ್ಟ. ಹೊರಟುಬಿಟ್ಟಿದ್ದರೆ ಹೋಗಿತ್ತು. ನೀವು ಯಾರನ್ನಾದರೂ ಬಿಡಲು ಹೋದರೆ, ಒಳಗಿನಿಂದ "ತಪಾಸಣೆ ಮುಗೀತು" ಎಂದು ಫೋನ್ ಬರುವ ತನಕ ಕಾರ್ ತೆಗೆಯಬೇಡಿ.